ಅರ್ಥವಾಗದವಳಿಗೆ ಹೇಳಿದ ಮಾತು

ಮುದುಕಿ ಬ್ರಿತ್ತಾ ಹೊಟ್ಟೆಯ ಬಲಗಡೆ ದಿಂಬನ್ನು ಒತ್ತಿಕೊಂಡು ಕೂರುತ್ತಿದ್ದಳು. ಬಾಗಿಲ ಬಳಿ ಹೆಜ್ಜೆ ಸಪ್ಪಳವಾದರೆ ದಿಂಬು ಬೆನ್ನ ಹಿಂದೆ ಹೋಗುತ್ತಿತ್ತು. ಬಂದವಳು ರೇಣುಕಾದೇವಿಯಾದರೆ ಮಾತ್ರ ಅದು ಇದ್ದಲ್ಲೇ ಇರುತ್ತಿತ್ತು.

ರೇಣುಕಾದೇವಿ ಅಮೆರಿಕದ ಜರ್ಮನ್‌ಟೌನಿನ ಒಂದು ನರ್ಸಿಂಗ್ ಹೋಮಿನಲ್ಲಿ ವಯಸ್ಸಾದವರಿಗೆ ಸ್ನಾನ ಮಾಡಿಸುವ, ಉಣಿಸುವ, ಹಾಸಿಗೆ ಬದಲಿಸುವ ಕೆಲಸಕ್ಕಿದ್ದಳು. ಬಾದಾಮಿ ಕಡೆಯ ಹಳ್ಳಿಯವಳು. ಮನೆತನದಲ್ಲಿ ಬಿ.ಎ. ಮುಗಿಸಿದ ಮೊದಲ ಹೆಣ್ಣು. ಎಂಜಿನಿಯರ್ ಗಂಡ ಬಸವಂತಪ್ಪನ ಜೊತೆ ತೊಂಬತ್ಮೂರರಲ್ಲಿ ಬಂದಾಗ ಆ ಪದವಿಯನ್ನು ಯಾರೂ ಕೇಳಲಿಲ್ಲ, ಈ ಕೆಲಸ ಸಿಕ್ಕಿತು.

ಬಂದ ವರ್ಷ ಎಲಿಕಾಟ್ ಸಿಟಿಯಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋಗಿದ್ದಳು. ಪಾತ್ರೆಯ ಮುಂದೆ ನಿಂತು, "ಅಕ್ಕಾರ, ಇನ್ನೊಂದಿಷ್ಟ ಸಾರ ಹಾಕ್ರಿ, ಭಾಳ ಚಲೋ ಆಗೇತಿ" ಅಂದಳು. ಬಡಿಸುತ್ತಿದ್ದ ಮೈಸೂರಿನ ಹೆಂಗಸು ಸೌಟು ಹಿಡಿದೇ ನಕ್ಕಳು. "ಅಯ್ಯೋ, ಹೊಗಳ್ತಿದೀರಾ, ಜಗಳಕ್ಕೆ ಬಂದಿದೀರಾ? ಗೊತ್ತೇ ಆಗಲ್ಲ ಕಣ್ರೀ!" ಸಾಲಿನಲ್ಲಿದ್ದವರೂ ನಕ್ಕರು. ಬಸವಂತಪ್ಪನೂ ನಕ್ಕ. ಅಂದಿನಿಂದ ರೇಣುಕಾದೇವಿ ಹೊರಗೆ "ಹೋಗ್ತೀನಿ, ಬರ್ತೀನಿ, ಚೆನ್ನಾಗಿದೀನಿ" ಎಂದೇ ಮಾತನಾಡುವುದನ್ನು ರೂಢಿಸಿಕೊಂಡಳು. ಮನೆಯಲ್ಲಿ ಮಗಳು ನಮ್ರತಾಳದು ಇಂಗ್ಲಿಷು. ಊರಿನ ಮಾತು ಬಾಯೊಳಗೇ ಉಳಿಯಿತು.

ಅದು ಹೊರಬಂದದ್ದು ಬ್ರಿತ್ತಾಳ ಕೋಣೆಯಲ್ಲಿ. ಸ್ವೀಡನ್ನಿನಿಂದ ಮದುವೆಯಾಗಿ ಬಂದು ಐವತ್ತು ವರ್ಷ ಇಲ್ಲಿ ಬಾಳಿದ ಬ್ರಿತ್ತಾಳಿಗೆ ಪಾರ್ಶ್ವವಾಯು ಬಡಿದ ಮೇಲೆ ಇಂಗ್ಲಿಷ್ ಪೂರ್ತಿ ಅಳಿಸಿಹೋಗಿತ್ತು. ರೇಣುಕಾದೇವಿ ಅವಳ ಕೂದಲು ಬಾಚುತ್ತ, "ಯಾಕ ಆಯಿ, ಇವತ್ತ ಬ್ಯಾನಿ ಭಾಳ ಐತೇನ?" ಎಂದು ಕೇಳುವಳು. ಮುದುಕಿ ತನ್ನ ಮಾತಿನಲ್ಲಿ ಏನೇನೋ ಹೇಳುವಳು, ಒಮ್ಮೊಮ್ಮೆ ಅಳುವಳು. "ಹೇಳ, ಹೇಳ. ನಾ ಕೇಳಾಕತ್ತೇನಿ" ಎನ್ನುವಳು ರೇಣುಕಾದೇವಿ. ಅವಳಿಗೆ ಒಂದು ಶಬ್ದವೂ ತಿಳಿಯುತ್ತಿರಲಿಲ್ಲ. ಆದರೆ ದಿಂಬು ಕಾಣುತ್ತಿತ್ತು.

ಮೇಲ್ವಿಚಾರಣೆಯ ನರ್ಸ್ ಬೇಬಿ ಉಡುಪಿ ಕಡೆಯವಳು. ರೇಣುಕಾದೇವಿ ಅವಳಿಗೆ ಹೇಳಿದಳು: "ಸಿಸ್ಟರ್, ಬ್ರಿತ್ತಾಗೆ ಹೊಟ್ಟೆ ನೋವಿದೆ. ಡಾಕ್ಟರಿಗೆ ಹೇಳಿ."

"ಎಂತ ಮಾರಾಯ್ತಿ, ಸ್ವೀಡಿಷ್ ಬರುವವರನ್ನು ಕರೆಸಿ ಕೇಳಿಸಿದ್ದೇನಲ್ಲ? ಎರಡು ಸಲವೂ ಚೆನ್ನಾಗಿದ್ದೇನೆ ಅಂತ ಹೇಳಿದ್ದಾರೆ. ದಿಂಬು ಹಿಡ್ಕೊಂಡದ್ದಕ್ಕೆ ಡಾಕ್ಟರು ಸ್ಕ್ಯಾನ್ ಬರೀತಾರಾ?"

ನಿಜವೇ. ಸ್ಟಾಕ್‌ಹೋಮ್ ಮೂಲದ ಆ ದುಭಾಷಿ ಹೆಂಗಸು ಬಂದಾಗಲೆಲ್ಲ ಬ್ರಿತ್ತಾ ನೆಟ್ಟಗೆ ಕೂತು, "ತಾಕ್, ದೇ ಎ ಬ್ರಾ" ಎನ್ನುತ್ತಿದ್ದಳು. ಚೆನ್ನಾಗಿದ್ದೇನೆ, ಧನ್ಯವಾದ. ಮುದುಕಿ ತನ್ನೊಡನೆ ಆಡುವುದಕ್ಕಿಂತ ಆ ಮಾತಿನ ಧಾಟಿಯೇ ಬೇರೆ ಎಂಬುದನ್ನು ರೇಣುಕಾದೇವಿ ಗಮನಿಸಿದಳು. ಮೂರನೆಯ ಸಲ ಆ ಹೆಂಗಸನ್ನು ಬಾಗಿಲ ಹೊರಗೇ ನಿಲ್ಲಿಸಿ, ಬ್ರಿತ್ತಾ ತನ್ನೊಡನೆ ಆಡುವ ಮಾತನ್ನು ಕೇಳಿಸಿದಳು. ಆಕೆ ಹುಬ್ಬು ಗಂಟಿಕ್ಕಿದಳು. "ಇದು ಸ್ವೀಡನ್ನಿನ ಎಲ್ವ್‌ಡಾಲೆನ್ ಕಣಿವೆಯ ಮಾತಿರಬೇಕು. ನನಗೂ ತಿಳಿಯುವುದಿಲ್ಲ," ಎಂದು ಪರಿಚಯದ ಗುನ್ನಾರನ ನಂಬರು ಕೊಟ್ಟಳು. ಗುನ್ನಾರ್ ಆ ಕಣಿವೆಯವನೇ, ನಾರ್ತ್ ಕೆರೊಲಿನಾದಲ್ಲಿ ಮರಗೆಲಸದವನು.

ಫೋನಿನಲ್ಲಿ ಗುನ್ನಾರ್ ನಿಧಾನವಾಗಿ ಹೇಳಿದ: "ನಾನು ಕೇಳಿದರೂ ಆಕೆ ಹೇಳುವುದಿಲ್ಲ. ನಮ್ಮ ಮಾತು ಆಡಿದ್ದಕ್ಕೆ ಶಾಲೆಯಲ್ಲಿ ಬೈಸಿಕೊಂಡವರು ನಾವು. ಗುರುತಿಲ್ಲದ ಯಾವ ಸ್ವೀಡಿಷನ ಮುಂದೆಯೂ ಶಾಲೆಯ ಭಾಷೆಯೇ ಬರುತ್ತದೆ, ಅದರಲ್ಲಿ ನೋವು ಹೇಳಿಕೊಳ್ಳುವುದು ಬರುವುದಿಲ್ಲ. ಫೋನು ಪಕ್ಕದಲ್ಲಿಡಿ, ಸುಮ್ಮನೆ ಕೇಳುತ್ತೇನೆ."

ಭಾನುವಾರ ಮಧ್ಯಾಹ್ನ ರೇಣುಕಾದೇವಿ ಕೋಣೆಯ ಫೋನಿನಿಂದ ಕರೆ ಮಾಡಿ, ರಿಸೀವರನ್ನು ಟವೆಲಿನ ಮಡಿಕೆಯಲ್ಲಿಟ್ಟು, ಬಾಚಣಿಗೆ ಹಿಡಿದಳು. "ಹೇಳ ಆಯಿ. ಇವತ್ತ ಎಲ್ಲಾ ಹೇಳಿಬಿಡ."

ಬ್ರಿತ್ತಾ ಹೇಳಿದಳು. ದಿಂಬು ತೆಗೆದು ರೇಣುಕಾದೇವಿಯ ಕೈಯನ್ನೇ ಹೊಟ್ಟೆಯ ಮೇಲೆ ಒತ್ತಿಕೊಂಡು, ಯಾರನ್ನೋ ಕರೆಯುತ್ತ, ಬಿಕ್ಕುತ್ತ ಹೇಳಿದಳು. ಆಗ ಟವೆಲಿನೊಳಗಿಂದ ಗಂಡಸಿನ ದನಿ ಬಂತು. ಗುನ್ನಾರ್ ತಡೆದುಕೊಳ್ಳಲಾಗದೆ ಆ ಕಣಿವೆಯ ಮಾತಿನಲ್ಲೇ ಉತ್ತರ ಕೊಟ್ಟುಬಿಟ್ಟಿದ್ದ.

ಬ್ರಿತ್ತಾ ನಿಲ್ಲಿಸಿದಳು. ಟವೆಲನ್ನು ನೋಡಿದಳು, ಆಮೇಲೆ ರೇಣುಕಾದೇವಿಯನ್ನು. ಹಿಡಿದ ಕೈ ಬಿಟ್ಟಳು. ಕೂದಲು ಸರಿಮಾಡಿಕೊಂಡು ನೆಟ್ಟಗೆ ಕೂತಳು.

"ತಾಕ್. ದೇ ಎ ಬ್ರಾ."

ರೇಣುಕಾದೇವಿ ರಿಸೀವರ್ ತೆಗೆದುಕೊಂಡು, ತಂತಿ ಎಳೆದಷ್ಟು ದೂರ ಹೋಗಿ ನಿಂತಳು.

"ತಪ್ಪಾಯಿತು," ಅಂದ ಗುನ್ನಾರ್. "ಅವ್ವನನ್ನು ಕರೆಯುತ್ತಿದ್ದಳು. ಹಾಗೆ ಕರೆದದ್ದನ್ನು ಕೇಳಿ ಎಷ್ಟೋ ವರ್ಷವಾಗಿತ್ತು."

"ಏನು ಹೇಳಿದರು?"

"ಚಳಿಗಾಲದಿಂದ ನೋವಿದೆ. ಅವಳ ಅವ್ವನಿಗೂ ಇದೇ ಆಗಿತ್ತು. ಆಸ್ಪತ್ರೆಗೆ ಒಯ್ದು ಕೊಯ್ದರು, ಮನೆಗೆ ಬರಲೇ ಇಲ್ಲ. ಅಟ್ಲಾಂಟಾದಲ್ಲಿರುವ ಮಗಳಿಗೆ ಗೊತ್ತಾದರೆ ತನ್ನನ್ನೂ ಒಯ್ಯುತ್ತಾಳೆ. ಈ ಹಾಸಿಗೆಯಲ್ಲೇ ಸಾಯಬೇಕು ಅನ್ನುತ್ತಾಳೆ. ಇನ್ನೊಂದು ಮಾತು. ನಿನಗೆ ತಿಳಿಯುವುದಿಲ್ಲವಲ್ಲ, ಅದಕ್ಕೇ ನಿನಗೆ ಹೇಳುತ್ತೇನೆ ಅಂದಳು."

ರೇಣುಕಾದೇವಿ ಆ ದಿನವೆಲ್ಲ ಯಾರಿಗೂ ಹೇಳಲಿಲ್ಲ. ಸಂಜೆ ಬಸ್ಸಿನಲ್ಲಿ ಅವಳ ಅಂಗೈಗೆ ಆ ಹೊಟ್ಟೆಯ ಬಿಸಿ, ಒಳಗಿನ ಗಟ್ಟಿ ಗಂಟು ಇನ್ನೂ ತಾಗುತ್ತಿದ್ದಂತಿತ್ತು. ಮರುದಿನ ಬೇಬಿಗೆ ಹೇಳಿದಳು. ಆಯಿಯ ಆಸೆಯನ್ನೂ ಹೇಳಿದಳು. "ಗೊತ್ತಾದ ಮೇಲೆ ಸುಮ್ಮನಿರಲಿಕ್ಕೆ ಆಗ್ತದಾ?" ಅಂದಳು ಬೇಬಿ. ಬೈಯಲಿಲ್ಲ, ಫೋನು ಎತ್ತಿಕೊಂಡಳು.

ಅಟ್ಲಾಂಟಾದಿಂದ ಮಗಳು ಬಂದಳು. ಸ್ಕ್ಯಾನ್ ಆಯಿತು. ಗಂಟು ಹಬ್ಬಿಬಿಟ್ಟಿತ್ತು. ಆದರೂ ಮಗಳು ಪಟ್ಟು ಹಿಡಿದು ಆಸ್ಪತ್ರೆಯಲ್ಲೇ ಇರಿಸಿದಳು. ಅವ್ವ ಇನ್ನಷ್ಟು ದಿನ ಬದುಕಲಿ ಎಂಬುದಷ್ಟೇ ಅವಳ ಆಸೆ. ಕೆಟ್ಟವಳಲ್ಲ.

ರಜೆಯ ದಿನ ರೇಣುಕಾದೇವಿ ಹೋದಳು. ಮೂಗಿನಲ್ಲಿ ನಳಿಕೆ, ಎರಡೂ ಕೈಗೆ ಸೂಜಿ. ಒತ್ತಿಕೊಳ್ಳಲು ದಿಂಬನ್ನು ಯಾರೂ ಕೊಟ್ಟಿರಲಿಲ್ಲ. ಅವಳು ಒಂದನ್ನು ಹುಡುಕಿ ತಂದು ಪಕ್ಕದಲ್ಲಿಟ್ಟು, ಹಾಸಿಗೆಯ ಕಡೆ ಬಾಗಿದಳು.

"ಆಯಿ, ನನಗ ಬೈ. ನಿನ್ನ ಮಾತಿನ್ಯಾಗ ಬೈ. ನನಗೇನೂ ತಿಳಿಯೂದಿಲ್ಲ. ಇಲ್ಲಿ ಯಾರೂ ಕೇಳಾಕತ್ತಿಲ್ಲ, ನೋಡ."

ಬ್ರಿತ್ತಾ ಕಣ್ಣು ತೆರೆದಳು. ಮೊದಲು ಹಾಸಿಗೆಯ ಪಕ್ಕ ಮಡಿಸಿಟ್ಟ ಟವೆಲಿನ ಕಡೆ, ಮೇಜಿನ ಫೋನಿನ ಕಡೆ ನೋಡಿದಳು. ಆಮೇಲೆ ಸೂಜಿ ಚುಚ್ಚಿದ ಕೈಯಿಂದ ದಿಂಬನ್ನು ಮೆಲ್ಲಗೆ ದೂರ ತಳ್ಳಿ, ಬಂದ ಅತಿಥಿಗೆ ನಗುವಂತೆ ನಕ್ಕಳು.

"ತಾಕ್," ಅಂದಳು. "ದೇ ಎ ಬ್ರಾ."