ಮೇಲೆ ತೇಲಿದ್ದೆಲ್ಲ ಜೊಳ್ಳಲ್ಲ

ಬಣಕಲ್ ಕಡೆಯ ಆ ಕಾಫಿ ಎಸ್ಟೇಟಿನಲ್ಲಿ ಹಣ್ಣು ತೊಳೆಯುವ ತೊಟ್ಟಿ, ಸಿಪ್ಪೆ ಬಿಡಿಸುವ ಪಲ್ಪರ್, ಬೀಜ ಒಣಗಿಸುವ ಕಣ, ಮೂರಕ್ಕೂ ರುದ್ರಾಣಿಯದೇ ದರ್ಬಾರು. ಸುತ್ತಲಿನ ತೋಟಗಳಲ್ಲಿ ಹೆಂಗಸು ಮೇಸ್ತ್ರಿ ಎಂದರೆ ಅವಳೊಬ್ಬಳೇ. ಕೊಯ್ಲಿಗೆ ಜಾರ್ಖಂಡಿನ ಜನ ಬರತೊಡಗಿದ ಮೇಲೆ ಅವರನ್ನು ಗದರಿಸಲಿಕ್ಕೆಂದೇ ಹಿಂದಿ ಕಲಿತಳು. ಹಾಗಾಗಿ ಅವಳ ಹಿಂದಿಗೆ ಬೈಗುಳ ಬಿಟ್ಟು ಬೇರೆ ಮಾತು ಬರಲು ಎರಡು ವರ್ಷ ಹಿಡಿಯಿತು. ಓದಲು ಈಗಲೂ ಬಾರದು, ಆದರೆ ಕಿವಿಗೆ ಬಿದ್ದದ್ದು ಒಂದೂ ತಪ್ಪುವುದಿಲ್ಲ.

ಗಂಡ ಉಮೇಶ ಅದೇ ಎಸ್ಟೇಟಿನ ಜೀಪ್ ಡ್ರೈವರ್. ತಪ್ಪು ಹುಡುಕುವುದರಲ್ಲಿ ಹೋಬಳಿಗೇ ಹೆಸರಾದವನು. ಮದುವೆ ಮನೆಯಲ್ಲಿ ಪಾಯಸಕ್ಕೆ ದ್ರಾಕ್ಷಿ ಕಮ್ಮಿ ಅನ್ನುವನು, ಸಾವಿನ ಮನೆಯಲ್ಲಿ ಚಟ್ಟ ಸೊಟ್ಟ ಕಟ್ಟಿದ್ದಾರೆ ಅನ್ನುವನು. ರುದ್ರಾಣಿಯ ಒಂದು ಸಾರನ್ನಾದರೂ ಸುಮ್ಮನೆ ಉಂಡವನಲ್ಲ. ಅಂಥವನು ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಸೀದುಹೋದ ಅಕ್ಕಿರೊಟ್ಟಿಯನ್ನು ಚಕಾರವೆತ್ತದೆ ತಿಂದ. ಮರುದಿನ ಉಪ್ಪು ಮರೆತ ಪಲ್ಯವನ್ನೂ ತಿಂದ. ಅಂತೂ ಗಂಡ ಸುಧಾರಿಸಿದ ಎಂದು ರುದ್ರಾಣಿ ಹಿಗ್ಗಿ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆ ದೀಪ ನೆನೆದರೆ ಅವಳಿಗೆ ಈಗಲೂ ನಾಚಿಕೆಯಾಗುತ್ತದೆ.

ಏಕೆಂದರೆ ಅವನು ಸುಧಾರಿಸಿರಲಿಲ್ಲ. ತಿರುವಿನಲ್ಲಿ ಹಾರ್ನ್ ಹೊಡೆಯುವುದು ಬಿಟ್ಟ, ಸ್ನಾನ ಬಿಟ್ಟ, ಕೊನೆಗೆ ಜೀಪನ್ನೇ ಬಿಟ್ಟು ಗೋಡೆಗೆ ಮುಖ ಮಾಡಿ ಮಲಗಿದ. ದೀಪಾವಳಿ ಕಳೆದ ಮೇಲೆ ರುದ್ರಾಣಿ ಅವನನ್ನು ಎಬ್ಬಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಹೋದಳು. ಮಂಗಳವಾರ ಬರುವ ಮನಸ್ಸಿನ ಡಾಕ್ಟರ್ ಅರುಣಾ, ಇದು ಖಿನ್ನತೆ, ಇದೂ ಒಂದು ಕಾಯಿಲೆಯೇ ಎಂದು ಹೇಳಿ, ಮಾತ್ರೆ ಬರೆದು, ಏನೇನೋ ವಿವರಿಸಿದರು. ನೂರು ಆಳನ್ನು ಗದರಿಸುವ ರುದ್ರಾಣಿ ಡಾಕ್ಟರ ಎದುರು ಕೋಲೆ ಬಸವನ ಹಾಗೆ ಎಲ್ಲದಕ್ಕೂ ತಲೆಯಾಡಿಸಿದಳು. ಗೇಟು ದಾಟುವಾಗ ನೆನಪಿನಲ್ಲಿ ಉಳಿದದ್ದು ಇಷ್ಟೇ: ದಿನಕ್ಕೊಂದು, ಊಟದ ಮೇಲೆ.

ಹನ್ನೆರಡನೇ ದಿನ ಉಮೇಶ ಮಾತ್ರೆಯ ಹಾಳೆಯನ್ನು ಪಕ್ಕಕ್ಕೆ ತಳ್ಳಿದ.

"ಬಾಯಿ ಒಣಗಿದ್ದು ಬಿಟ್ರೆ ಏನೂ ಆಗ್ಲಿಲ್ಲ. ನಾ ಇದನ್ನ ಬಿಡ್ತೀನಿ."

"ಬಿಡ್ಬೇಡಿ ಮಾರಾಯ್ರೆ!"

"ಇದು ಸರಿಯಾದ ಔಷಧಿ ಅಂತ ನಿಂಗೇನು ಗೊತ್ತು? ತಿಳ್ಕೊಂಡು ಬಂದು ಹೇಳು. ನೀ ನುಂಗಿ ಅಂದ್ರೆ ನುಂಗ್ತೀನಿ, ಬಿಡಿ ಅಂದ್ರೆ ಬಿಡ್ತೀನಿ."

ಐದು ತಿಂಗಳಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದು. ಗಂಡ ಎದ್ದು ಕೂರುವುದೂ ಗೋಡೆ ನೋಡುತ್ತ ಉಳಿಯುವುದೂ ಈಗ ತನ್ನ ನಾಲಿಗೆಯ ಮೇಲಿದೆ ಎಂದು ರುದ್ರಾಣಿಗೆ ಹೊಳೆಯಿತು.

ಮೂಡಿಗೆರೆಯ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದ ಮಗಳು ರೇವತಿ ಭಾನುವಾರ ಮನೆಗೆ ಬಂದಳು. ಮಾತ್ರೆಯ ಬಗ್ಗೆ ಕನ್ನಡದಲ್ಲಿ ಹುಡುಕಿದರೆ ಫೋನು ಎರಡು ರಾಶಿಯ ಭವಿಷ್ಯ ಮತ್ತು ಒಂದು ಕಷಾಯ ಕೊಟ್ಟು ಕೈತೊಳೆದುಕೊಂಡಿತು. ಸರಿ, ಇಂಗ್ಲಿಷಿನದು ರೇವತಿ ಓದಿ ಹೇಳುವುದು, ಹಿಂದಿಯದನ್ನು ಫೋನು ಗಟ್ಟಿಯಾಗಿ ಓದಿದರೆ ರುದ್ರಾಣಿ ಕೇಳುವುದು ಎಂದಾಯಿತು. ಅಮ್ಮ, ಮಗಳು ಕಣದ ಮೂಲೆಯಲ್ಲಿ ಕೂತರು.

"ತಡಿ ತಡಿ, ಮೇಲಿಂದು ಯಾಕೆ ತೆಗೀತೀಯ?" ಎಂದಳು ರುದ್ರಾಣಿ.

"ಮೇಲೆ ಬಂದಿದ್ದೇ ಒಳ್ಳೇದಿರುತ್ತೆ ಅಮ್ಮ. ಇದು ಯಾವ್ದೋ ದೊಡ್ಡಾಸ್ಪತ್ರೆದು."

"ನಮ್ಮ ತೊಟ್ಟೀಲಿ ಮೇಲೆ ಬರೋದು ಏನು?"

"ಜೊಳ್ಳು."

"ಮತ್ತೆ? ಬಳಿದು ಆಚೆ ಹಾಕು. ತಳಕ್ಕೆ ಹೋಗು."

ಹುಳ ತಿಂದ ಹಣ್ಣು ನೀರಿನಲ್ಲಿ ತೇಲುತ್ತದೆ, ಗಟ್ಟಿ ಹಣ್ಣು ಮುಳುಗುತ್ತದೆ. ಇಪ್ಪತ್ತೆರಡು ಕೊಯ್ಲು ಹಣ್ಣು ತೊಳೆದವಳ ಜೊತೆ ಯಾರು ವಾದ ಮಾಡುತ್ತಾರೆ? ರೇವತಿ ಹೆಬ್ಬೆರಳು ನೋಯುವವರೆಗೆ ಕೆಳಗೆ ಕೆಳಗೆ ಹೋದಳು. ತಳ ಸಿಕ್ಕಿತು, ಎಂಥ ತಳ ಅಂತೀರಿ!

ಇಂಗ್ಲಿಷಿನಲ್ಲಿ ಸಿಕ್ಕಿದ್ದು ಮಾತ್ರೆಯಿಂದ ಆಗಬಹುದಾದ ತೊಂದರೆಗಳ ಪಟ್ಟಿ. ಕೂದಲು ಉದುರುವುದರಿಂದ ಹಿಡಿದು ಕಾಲು ಉಳುಕುವವರೆಗೆ ಎಲ್ಲವೂ ಇತ್ತು. ಕಾಫಿ ಹರಡುತ್ತಿದ್ದ ಸಿದ್ದಮ್ಮ ಕೇಳಿಸಿಕೊಂಡು, "ಇದು ಮಾತ್ರೇನೋ ಮಾರೀನೋ?" ಎಂದು ಎದೆ ಮುಟ್ಟಿಕೊಂಡಳು. ಫೋನಿನ ಹಿಂದಿಯವರಲ್ಲಿ ಭಯದ ಮಾತೇ ಇಲ್ಲ, ಎಲ್ಲರಿಗೂ ಉತ್ಸಾಹವೋ ಉತ್ಸಾಹ. ಒಬ್ಬ ಮೂಗಿಗೆ ತುಪ್ಪ ಬಿಡಿ ಅಂದ. ಇನ್ನೊಬ್ಬ ಕನ್ನಡಿ ಎದುರು ಇಪ್ಪತ್ತೊಂದು ಸಲ ನಗಿ ಅಂದ. ಜಾರ್ಖಂಡಿನ ಹೆಂಗಸರೆಲ್ಲ ಸುತ್ತ ನೆರೆದು, ಅಲ್ಲಿಯೇ ನಕ್ಕು ನೋಡಿ, ಏಳನೆಯ ನಗುವಿಗೆ ತಡೆಯಲಾರದೆ ಕಾಫಿ ರಾಶಿಯ ಮೇಲೆ ಉರುಳಿದರು. ಮತ್ತೊಬ್ಬ ಗುಡ್ಡ ಹತ್ತಿ ದುಃಖವನ್ನು ಕೂಗಿ ಹೇಳಿ ಅಂದ. ಪಾಪ, ಉಮೇಶ ಅದಕ್ಕೂ ಎದ್ದು ಹೋದ.

"ಏನಂತ ಕೂಗ್ಲಿ?"

"ನಿಮ್ಮ ದುಃಖ ಕೂಗ್ರೀ."

ಅವನು ಬಹಳ ಹೊತ್ತು ಯೋಚಿಸಿ ಒಮ್ಮೆ "ಹೋ" ಅಂದ. ಕೆಳಗೆ ಕೂಲಿಯಾಳುಗಳ ಲೈನ್ ಮನೆಗಳಿಂದ ಎರಡು ನಾಯಿ ಓಡಿ ಬಂದವು. ಅವನು ಅವುಗಳ ತಲೆ ಸವರಿ, ಹಿಂತಿರುಗಿ ಬಂದು ಮಲಗಿದ.

ಎಲ್ಲಕ್ಕಿಂತ ತಳದಲ್ಲಿದ್ದವನು ಚೂರ್ಣದವನು. ಎಂಥ ಸವಿಯಾದ ಹಿಂದಿ! ಮಾತ್ರೆಯನ್ನು ಇವತ್ತೇ ಬಿಟ್ಟುಬಿಡಿ, ನನ್ನ ಚೂರ್ಣ ಮೂರೇ ದಿನ, ನೂರಕ್ಕೆ ನೂರು ಗ್ಯಾರಂಟಿ, ಇದರಲ್ಲಿ ಒಂದು ದೋಷವೂ ಇಲ್ಲ ಎಂದ. ಆ ಭಾಷೆಯಲ್ಲಿ ಯಾರೂ ತನ್ನ ಜೊತೆ ಅಷ್ಟು ಮೃದುವಾಗಿ ಮಾತಾಡಿದ್ದೇ ಇಲ್ಲವೆಂದು ರುದ್ರಾಣಿ ಕರಗಿಹೋದಳು. ಚೂರ್ಣ ತರಿಸಲು ಹೇಳಿ, ಒಳಗೆ ಹೋಗಿ ಗಂಡನಿಗೆ, "ಬಿಡಿ ಹಾಗಾದ್ರೆ" ಎಂದಳು. ಅವನು ಬಿಟ್ಟ.

ಚೂರ್ಣ ಬರುವ ಮೊದಲೇ, ನಾಲ್ಕನೇ ದಿನ, ಅವನು ತಲೆ ಸುತ್ತುತ್ತದೆ ಎಂದು ಏಳಲಿಲ್ಲ. ಇಟ್ಟ ಕಾಫಿ ಹಾಗೇ ಆರಿತು. ರುದ್ರಾಣಿ ಆ ಲೋಟವನ್ನು ಎತ್ತಿ ಅಂಗಳಕ್ಕೆ ಚೆಲ್ಲಿದಳು. ಮಾತ್ರೆ ಬಿಡಿಸಿದ್ದು ಬೇರೆ ಯಾರೂ ಅಲ್ಲ, ಅವಳೇ.

ಅದೇ ಬೆಳಿಗ್ಗೆ ಸಿಪ್ಪೆ ಬಿಡಿಸಿ ಒಣಗಿಸಿದ ಪಾರ್ಚ್‌ಮೆಂಟ್ ಬೀಜ ನೋಡಲು ಕಾಫಿ ಕೊಳ್ಳುವ ಏಜೆಂಟ್ ಹರ್ಷವರ್ಧನ ಬಂದ. ರುದ್ರಾಣಿ ಎಂದಿನ ಅಭ್ಯಾಸದಂತೆ ಮಾದರಿಯನ್ನು ಅವನ ಕೈಗೆ ಸುರಿಯುತ್ತ ಮೊದಲು ಕುಂದನ್ನೇ ಹೇಳಿದಳು. "ಮಧ್ಯೆ ಎರಡ್ ದಿನ ಮೋಡ ಇತ್ತು. ಹಿಡಿಗೆ ಮೂರ್ನಾಲ್ಕು ಕರಿಬೀಜ ಸಿಗ್ತಾವೆ."

"ಇದಕ್ಕೇ ಅಕ್ಕ, ನಿಮ್ಮ ಮೂಟೆ ನಾನು ಬಿಚ್ಚಿ ನೋಡೋದಿಲ್ಲ" ಎಂದು ಹರ್ಷವರ್ಧನ ನಕ್ಕ. "ಒಂದು ದೋಷವೂ ಇಲ್ಲ ಅಂತಾರಲ್ಲ, ಅವರದ್ದು ತಳದ ತನಕ ಸುರಿಸ್ತೀನಿ."

ಒಂದು ದೋಷವೂ ಇಲ್ಲ! ರುದ್ರಾಣಿ ಮೊರ ಕೆಳಗಿಟ್ಟು, ಚೂರ್ಣದವನ ವಂಶವನ್ನೆಲ್ಲ ಹಿಂದಿಯಲ್ಲಿ ಬೈದಳು. ಹರ್ಷವರ್ಧನ ಎರಡು ಹೆಜ್ಜೆ ಹಿಂದೆ ಸರಿದು, "ನಾನೇನ್ ಮಾಡ್ದೆ ಅಕ್ಕ?" ಎಂದ. ಅವಳು ಆಗಲೇ ಮಗಳಿಗೆ ಫೋನು ಹಚ್ಚಿದ್ದಳು.

"ಬಳಿದು ಹಾಕಿದ್ದೆಲ್ಲ ವಾಪಸ್ ತೆಗಿಯೇ! ತನ್ನ ಕುಂದು ತಾನೇ ಹೇಳೋದು ಯಾವುದಿದೆ ನೋಡು!"

ಇತ್ತು, ಎಲ್ಲಕ್ಕಿಂತ ಮೇಲೆ, ಜೊಳ್ಳೆಂದು ಮೊದಲು ಎಸೆದ ಆಸ್ಪತ್ರೆಯ ಪುಟದಲ್ಲೇ. ಗುಣ ಕಾಣಲು ಕೆಲವು ವಾರ ಹಿಡಿಯಬಹುದು. ಮೊದಮೊದಲು ಬಾಯಿ ಒಣಗಬಹುದು, ಹೊಟ್ಟೆ ತೊಳೆಸಬಹುದು. ಮೊದಲ ಔಷಧವೇ ಎಲ್ಲರಿಗೂ ಒಗ್ಗುವುದಿಲ್ಲ, ಬದಲಿಸಬೇಕಾಗಬಹುದು. ಕೂತು ಮಾತಾಡಿಸುವ ಚಿಕಿತ್ಸೆಯೂ ಇದೆ. ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ. ಬರೆದವರ ಹೆಸರು, ತಿದ್ದಿದ ತಾರೀಖು ಎರಡೂ ಅಲ್ಲಿದ್ದವು. ಅದರ ಹಿಂದಿ ಪುಟ ಇದನ್ನೇ ಅರ್ಧಕ್ಕೆ ಹೇಳಿ, ಬರೆದವರು ಯಾರೆಂಬುದನ್ನು ನುಂಗಿಕೊಂಡಿತ್ತು. ರೇವತಿ ಓದುತ್ತಿದ್ದ ಹಾಗೆ ರುದ್ರಾಣಿಗೆ ನೆನಪಾಯಿತು. ಡಾಕ್ಟರ್ ಅರುಣಾ ಹೇಳಿದ್ದೂ ಇದನ್ನೇ, ತಾನು ತಲೆಯಾಡಿಸಿದ್ದೂ ಇದಕ್ಕೇ!

ಮಂಗಳವಾರಕ್ಕೆ ಕಾಯಲಿಲ್ಲ. ಚೀಟಿಯ ಮೇಲಿದ್ದ ನಂಬರಿಗೆ ಫೋನು ಮಾಡಿ, ಡಾಕ್ಟರು ಸಿಕ್ಕಿದ ಕೂಡಲೇ ಕನ್ನಡಿ, ನಾಯಿ, ಚೂರ್ಣ ಒಂದನ್ನೂ ಬಿಡದೆ ಒಪ್ಪಿಸಿದಳು. ಅವರು ಬೈಯಲಿಲ್ಲ. ಮತ್ತೆ ಹೇಗೆ ಶುರು ಮಾಡಬೇಕೆಂದು ಹೇಳಿದರು.

"ಇದ್ರಲ್ಲಿ ಏನೇನು ದೋಷ ಇದೆ, ಅದನ್ನೂ ಹೇಳಿ ಡಾಕ್ಟ್ರೆ. ಹೇಳಿದ್ರೆ ನಂಗೆ ನಂಬಿಕೆ ಬರುತ್ತೆ."

ಡಾಕ್ಟರು ನಕ್ಕರು, ಆದರೆ ಎಲ್ಲವನ್ನೂ ಹೇಳಿದರು. ಈ ಸಲ ತಿಳಿಯದ ಕಡೆಯೆಲ್ಲ ರುದ್ರಾಣಿ ತಡೆದು ನಿಲ್ಲಿಸಿ ಕೇಳಿದಳು. ಆಮೇಲೆ ಗಂಡನ ಪಕ್ಕ ಹೋಗಿ ಕೂತಳು.

"ಅವತ್ತು ಬಿಡಿ ಅಂದಿದ್ದು ನನ್ನ ತಪ್ಪು. ಇದು ನಿಧಾನವಂತೆ. ಬಾಯಿ ಒಣಗುತ್ತಂತೆ. ಒಗ್ಗದೆಯೂ ಇರಬಹುದಂತೆ, ಆಗ ಬೇರೆ ಕೊಡ್ತಾರಂತೆ. ಗ್ಯಾರಂಟಿ ನಂಗೂ ಗೊತ್ತಿಲ್ಲ. ಆದ್ರೂ ನುಂಗಿ."

ಉಮೇಶ ಗೋಡೆಯಿಂದ ಈಚೆ ತಿರುಗಿ ಅವಳನ್ನೇ ನೋಡಿದ. "ಗೊತ್ತಿಲ್ಲ ಅಂದ್ಯಲ್ಲ, ಅಷ್ಟು ಸಾಕು. ಕೊಡು" ಎಂದು ಕೈ ಚಾಚಿದ.

ಸಂಕ್ರಾಂತಿಯ ಹೊತ್ತಿಗೆ ಅವನು ತಾನಾಗಿಯೇ ನೀರು ಕಾಯಿಸಿಕೊಳ್ಳುವಷ್ಟಾದ. ಒಂದು ದಿನ ಜೀಪಿನ ಧೂಳು ಒರೆಸಿದ, ಇನ್ನೊಂದು ದಿನ ಮತ್ತೆ ಮಲಗಿದ. ಹೀಗೆ ಏರಿಳಿಯುತ್ತ ನಡೆದಿರುವಾಗ ಒಂದು ಮಧ್ಯಾಹ್ನ ಊಟಕ್ಕೆ ಕೂತವನು ಮೊದಲ ತುತ್ತಿಗೇ ಕೈ ನಿಲ್ಲಿಸಿ, ತಟ್ಟೆಯನ್ನು ದಿಟ್ಟಿಸಿ ನೋಡಿದ.

"ಇದೇನೇ ಇದು? ಸಾರಿಗೆ ಉಪ್ಪಿನ ಮೂಟೇನೇ ಬಿಚ್ಚಿ ಸುರಿದ್ಯಾ?"

ರುದ್ರಾಣಿಯ ಕೈಯಿಂದ ಸೌಟು ಬಿತ್ತು. ಅವಳು ಸೆರಗು ಎತ್ತಿ ಕಟ್ಟಿ ಕಣಕ್ಕೆ ಓಡಿದಳು. "ಬೈದ್ರು! ಅಯ್ಯೋ ಬೈದ್ರು ಕಣ್ರೇ!" ಎಂದು ಕೂಗುತ್ತ ಒಂದು ಸುತ್ತು ತಿರುಗಿದಳು. ಗಂಡ ಹೊಡೆದನೆಂದು ತಿಳಿದ ಸಿದ್ದಮ್ಮ ಕಾಫಿ ಎಳೆಯುವ ಹಲಗೆ ಹಿಡಿದುಕೊಂಡೇ ಧಾವಿಸಿ ಬಂದಳು. ರುದ್ರಾಣಿ ಅವಳನ್ನು ಹಲಗೆಸಮೇತ ತಬ್ಬಿಕೊಂಡಳು. ಜಾರ್ಖಂಡಿನ ಹೆಂಗಸರು ಏನಾಯಿತೆಂದು ಕೇಳಿದರೆ, ಒಂದೂ ಬೈಗುಳವಿಲ್ಲದ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದಳು.

ಒಳಗೆ ಬಂದಾಗ ಉಮೇಶ ಮುಖ ಗಂಟಿಕ್ಕಿಕೊಂಡು ಉಣ್ಣುತ್ತಿದ್ದ. "ಅನ್ನಾನೂ ಮುದ್ದೆಯಾಗಿದೆ" ಎಂದ.

ರುದ್ರಾಣಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಅವನ ಎದುರು ಚಕ್ಕಳಮಕ್ಕಳ ಹಾಕಿ ಕೂತಳು.

"ಇನ್ನೇನಾಗಿದೆ? ಎಲ್ಲ ಹೇಳ್ರೀ" ಎಂದಳು.