ಅಪ್ಪನಿಂದ ಬಂದ ಬೆವರು

ಮದುವೆಯಾಗಿ ಧಾರವಾಡದಿಂದ ಪುಣೆಗೆ ಬಂದ ಹೊಸತರಲ್ಲಿ ನನ್ನ ಕಾಲುಗಳೇ ನನ್ನ ಮಾನ ಕಳೆಯುತ್ತಿದ್ದವು. ಚಳಿಗಾಲದಲ್ಲೂ ಅಂಗಾಲು ಬೆವರುತ್ತಿತ್ತು. ಶುಕ್ರವಾರ ಪಾದಕ್ಕೆ ಅರಿಷಿಣ ಹಚ್ಚಿಕೊಂಡರೆ ಮುಗಿಯಿತು, ಅಡುಗೆಮನೆಯಿಂದ ಪಡಸಾಲೆಯವರೆಗೆ ಫರಸಿ ಕಲ್ಲಿನ ನೆಲದ ಮೇಲೆ ಹಳದಿ ಹೆಜ್ಜೆ. ಒರೆಸಬೇಕಾದವಳೂ ನಾನೇ. ಒರೆಸುತ್ತಾ ಹೋದ ಹಾಗೆ ಹೊಸ ಹೆಜ್ಜೆಗಳು ಮೂಡುತ್ತಿದ್ದವು.

ಅತ್ತೆಗೆ ಚಿಂತೆ ಹತ್ತಿತು. "ಡಾಕ್ಟರಿಗೆ ತೋರಸೋಣು. ಜಡ್ಡು ಅಂದ್ರ ತವರಿಗೆ ಕಳಸ್ತೀನಿ, ಅವ್ವನ ಕೈಯಾಗ ಉಂಡು ಆರಾಮ ಆಗಿ ಬಾ" ಅಂದರು.

ಅಷ್ಟು ಕೇಳಿದ್ದೇ ತಡ, ಜಡ್ಡೇ ಇರಲಪ್ಪಾ ಎಂದು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಅಪ್ಪನನ್ನು ನೋಡಿ ವರ್ಷವಾಗಿತ್ತು. ಹೊಸ ಸೊಸೆ ಸುಮ್ಮಸುಮ್ಮನೆ ತವರಿಗೆ ಹೋಗುತ್ತೇನೆ ಅನ್ನುವ ಹಾಗಿರಲಿಲ್ಲ.

ಡಾಕ್ಟರು ಬೆಳಗಾವಿ ಕಡೆಯವರು. ಗಂಟಿದೆಯೇ ಎಂದು ಕೊರಳು ಮುಟ್ಟಿ ನೋಡಿದರು.

"ಎದಿ ಡವಡವ ಅಂತದೇನವಾ? ಸಂಜಿಗೆ ಜ್ವರ ಬರ್ತಾವೇನು? ನೀರಡಿಕಿ ಭಾಳ ಆಗ್ತದೇನು?"

ಕೊರಳಿನ ಗ್ರಂಥಿ ಕೆಟ್ಟರೆ, ಕ್ಷಯ ಹತ್ತಿದರೆ, ಸಕ್ಕರೆ ರೋಗವಿದ್ದರೆ ಬೆವರು ಹೆಚ್ಚುವುದುಂಟು, ಆದರೆ ಆಗ ಬರೀ ಕಾಲಲ್ಲ, ಮೈಯೆಲ್ಲ ಬೆವರುತ್ತದೆ ಎಂದು ಅತ್ತೆಗೆ ವಿವರಿಸಿದರು. ಒಂದಕ್ಕಾದರೂ ಹೌದು ಅನ್ನೋಣವೆಂದರೆ ನನಗೆ ಧೈರ್ಯ ಸಾಲಲಿಲ್ಲ.

"ತವರಮನ್ಯಾಗ ಯಾರಿಗರೆ ಹಿಂಗ ಅದ ಏನು?"

ಅಪ್ಪ ಕಣ್ಣ ಮುಂದೆ ಬಂದ. ಕಚೇರಿಯಿಂದ ಬಂದು ಬೂಟು ಬಿಚ್ಚಿದರೆ ಬಾಗಿಲಿಂದ ತೂಗುಮಂಚದವರೆಗೆ ಒದ್ದೆ ಹೆಜ್ಜೆ. ಅವು ಆರುವ ಮೊದಲೇ ನಾನು ಅವುಗಳ ಮೇಲೆ ನನ್ನ ಪುಟ್ಟ ಕಾಲಿಟ್ಟು ಹಿಂದೆ ಹೋಗುತ್ತಿದ್ದೆ. ಅಪ್ಪ ತಿರುಗಿ ನೋಡದೆಯೇ ನಗುತ್ತಿದ್ದ.

"ನಮ್ಮ ಅಪ್ಪಗ ಅದರಿ" ಅಂದೆ. ಅವನ ಮಾತು ಬಂತಲ್ಲ ಎಂಬ ಹಿಗ್ಗಿನಲ್ಲೇ ಅಂದುಬಿಟ್ಟೆ.

"ಹಂಗಾರ ಚಿಂತಿ ಬಿಡ್ರಿ. ಅಪ್ಪನಿಂದ ಬಂದದ್ದು. ಜಡ್ಡಲ್ಲ."

ಅತ್ತೆ ಕೈಮುಗಿದರು. ನನ್ನ ಧಾರವಾಡ ಅಲ್ಲಿಗೆ ಮುಗಿಯಿತು. ಟಾಂಗಾದಲ್ಲಿ ನಾನು ಅತ್ತದ್ದನ್ನು ಕಂಡು ಅತ್ತೆ ಸಂತೋಷಕ್ಕೆ ಅಂದುಕೊಂಡು ಬೆನ್ನು ಸವರಿದರು. ಪಾಪ, ಒಳ್ಳೆಯ ಹೆಂಗಸು.

ಮನೆಗೆ ಬಂದು ಪಡಸಾಲೆ ದಾಟಿ ತಿರುಗಿ ನೋಡಿದೆ. ಹೆಬ್ಬೆರಳು ಸ್ವಲ್ಪ ಬೇರೆ ನಿಂತ ಹೆಜ್ಜೆಗಳು, ಅಪ್ಪನವೇ, ಬರೀ ಸಣ್ಣವು. ಅಂದು ಒರೆಸಲಿಲ್ಲ.

ಆ ವರ್ಷದ ಮಳೆಗಾಲದಲ್ಲೇ ಅಪ್ಪ ತೀರಿಕೊಂಡ. ಆಗ ತವರಿಗೆ ಹೋಗಲು ಯಾರ ಅಪ್ಪಣೆಯೂ ಬೇಕಾಗಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ತೂಗುಮಂಚದವರೆಗೆ ನಡೆದೆ. ನೆಲದ ಮೇಲೆ ನನ್ನ ಹೆಜ್ಜೆಗಳಷ್ಟೇ ಇದ್ದವು.