ಹೆಗಲಿಗೆ ಹಚ್ಚಿದ ಮುಲಾಮು

ಕನ್ನಡಿಗೆ ಬೆನ್ನು ಕೊಟ್ಟು ಕತ್ತು ಹೊರಳಿಸಿ ನೋಡಿದ ಹಾರ್ಲನ್ ಸ್ಟಬಲ್‌ಫೀಲ್ಡ್ ಹೇಸಿಕೊಂಡ. ಐವತ್ತು ದಾಟಿದ ಗಂಡಸಿನ ಬೆನ್ನ ಮೇಲೆ ಮೀಸೆ ಚಿಗುರುವ ವಯಸ್ಸಿನ ಮೊಡವೆಗಳು. ಕೆಲವು ಒಡೆದು ಕೀವು ಬನಿಯನ್ನಿಗೆ ಅಂಟಿತ್ತು. ಎದೆಯಲ್ಲಿ ಎಡ ಮೊಲೆತೊಟ್ಟಿನ ಅಡಿಗೆ ಕಡಲೆಕಾಳಿನಂಥ ಗಂಟು. ಅಂಗಿ ತಾಕಿದರೂ ನೋವು. ಎಷ್ಟು ಉಜ್ಜಿ ಸ್ನಾನ ಮಾಡಿದರೂ ಮೈಯಿಂದ ಜಿಡ್ಡಿನ ಕಮಟು ಹೋಗುತ್ತಿರಲಿಲ್ಲ.

ಅವನು ಟೆಕ್ಸಾಸಿನ ಅಬಿಲೀನ್ ಊರಿನ ಹತ್ತಿರದ ದನದ ಸಂತೆಯಲ್ಲಿ ಹರಾಜಿಗೆ ಬಂದ ದನಗಳನ್ನು ಬೇರೆಬೇರೆ ದೊಡ್ಡಿಗೆ ತಿರುಗಿಸುವ ಆಳು. ಹಿಂದಿನ ವರ್ಷ ಕೆಲಸದ ನಡುವೆಯೇ ಕೈಕಾಲು ಸೋತು ಕೂತುಬಿಡತೊಡಗಿದ್ದ. ಗಂಡು ಹಾರ್ಮೋನು ನಿಜಕ್ಕೂ ತಳ ಕಂಡಿದೆಯೆಂದು ರಕ್ತಪರೀಕ್ಷೆ ಹೇಳಿತು. ಕಾಯಿಲೆ ಸುಳ್ಳಲ್ಲ. ಹೋದ ಜಾಗ ಮಾತ್ರ ತಪ್ಪು: ಹೆದ್ದಾರಿ ಪಕ್ಕದ ಟೈರ್ ಅಂಗಡಿಗೆ ಅಂಟಿಕೊಂಡಿದ್ದ ಗಂಡಸರ ಕ್ಲಿನಿಕ್ಕು. ಚರ್ಮದ ಕುರ್ಚಿ, ಗೋಡೆಗೆ ಜಿಂಕೆಯ ತಲೆ. ಬಿಗಿ ಅಂಗಿಯ ತರುಣನೊಬ್ಬ, “ಮತ್ತೆ ಹೋರಿ ಮಾಡಿ ಕಳಿಸ್ತೀವಿ ಸರ್” ಎಂದು ಆ ಹಾರ್ಮೋನು ಬೆರೆಸಿದ ಮುಲಾಮಿನ ಟ್ಯೂಬು ಕೈಗಿಟ್ಟ. ದಿನಾ ಬೆಳಿಗ್ಗೆ ಹೆಗಲಿಗೆ ಹಚ್ಚಬೇಕು, ಅಷ್ಟೇ.

ಮೊದಮೊದಲು ಮೈಗೆ ಕಸುವು ಬಂತು. ಆಮೇಲೆ ಒಂದೊಂದೇ ತೊಂದರೆ ಹೇಳಿಕೊಂಡು ಹೋದಂತೆಲ್ಲ ಒಂದೊಂದು ಮಾತ್ರೆ ಕೊಟ್ಟರು. ಮೊಲೆ ನೋವಿಗೊಂದು, ಮೊಡವೆಗೊಂದು. ವೃಷಣ ಬತ್ತಿ ಗೋಲಿಯಂತಾಗಿದೆ ಎಂದಾಗ ಚುಚ್ಚುಮದ್ದು. ಮುಲಾಮು ಮಾತ್ರ ಕಡಿಮೆ ಮಾಡಲಿಲ್ಲ, ಹೆಚ್ಚೇ ಮಾಡಿದರು.

“ಏನಪ್ಪಾ, ಹೋರಿ ಆಗ್ತೀನಿ ಅಂದೋನಿಗೆ ಕೆಚ್ಚಲು ಬಿಡ್ತಾ ಇದೆಯಂತೆ?” ಎಂದ ಜೊತೆಗಾರ ಓಡೆಲ್. ಎಂದಿನ ಹಾರ್ಲನ್ ನಗುತ್ತಿದ್ದ. ಅಂದು ಕೈಯಲ್ಲಿದ್ದ ಕೋಲು ಬೀಸಿಬಿಟ್ಟ. ಅದು ಓಡೆಲನ ಕಿವಿ ಸವರಿಕೊಂಡು ಗೇಟಿಗೆ ಬಡಿದು ಮುರಿಯಿತು. ತನ್ನ ಕೈಯನ್ನೇ ನೋಡಿ ಅವನಿಗೆ ಹೇಸಿಗೆಯಾಯಿತು.

ಆ ಭಾನುವಾರ ಹೆಂಡತಿ ವೆಲ್ಮಾ ಚರ್ಚಿನಿಂದ ಬೇಗನೆ ಎದ್ದುಬಂದಳು. ಹಾಡುಗಾರರ ಸಾಲಿನಲ್ಲಿ ಎಲ್ಲರಿಗಿಂತ ಮೇಲಿನ ದನಿ ಅವಳದು.

“ನನ್ನ ಕೆಳದನಿಯವರ ಸಾಲಿಗೆ ಹಾಕಿದ್ರು. ಮೇಲಕ್ಕೆ ಏಳಲ್ಲ ದನಿ, ಕತ್ತೆ ಥರ ಒಡೀತು,” ಎಂದಳು. ಆ ಮಾತೂ ಗೊಗ್ಗರಾಗಿತ್ತು.

ಕಿಟಕಿಯ ಬೆಳಕಿನಲ್ಲಿ ಅವಳ ಗದ್ದ ಕಿತ್ತು ಕಿತ್ತು ಕೆಂಪಾಗಿತ್ತು. “ಇದೇನೇ?”

“ಕೂದ್ಲು. ಬಚ್ಚಲಲ್ಲಿ ಬಾಗ್ಲು ಹಾಕ್ಕೊಂಡು ಕೀಳ್ತಾ ಇದೀನಿ. ನಿಂಗೆ ಕಂಡ್ರೆ ಅಸಹ್ಯ ಆಗುತ್ತೆ ಅಂತ ಹೇಳ್ಲಿಲ್ಲ.”

ಮರುದಿನವೇ ಇಬ್ಬರೂ ಊರಿನ ಡಾಕ್ಟರ್ ಅರಿಸ್ಪೆಯ ಹತ್ತಿರ ಹೋದರು. ಆ ಡಾಕ್ಟರಮ್ಮ ಕೇಳಿದ್ದು ಸ್ವಲ್ಪವೇ.

“ಹಚ್ಚಿದ್ಮೇಲೆ ಕೈ ಸೋಪಲ್ಲಿ ತೊಳೀತೀರಾ? ಒಣಗಿದ್ಮೇಲೆ ಅಂಗಿ ಹಾಕ್ಕೋತೀರಾ?”

“ಯಾರೂ ಹೇಳ್ಲಿಲ್ವಲ್ಲ ಡಾಕ್ಟ್ರೇ. ಮನೇಲಿ ಬರಿಮೈಯಲ್ಲೇ ಇರ್ತೀನಿ.”

“ನಿಮ್ಮ ಹೆಂಡತಿ ಮಲಗೋವಾಗ ತಲೆ ಎಲ್ಲಿಡ್ತಾರೆ?”

“ಇವರ ಹೆಗಲ ಮೇಲೆ,” ಎಂದಳು ವೆಲ್ಮಾ. “ಹಾಗಾದ್ರೆ ಆ ಮುಲಾಮು ನಿಮ್ಮ ಮೈಗೂ ಇಳಿದಿದೆ,” ಎಂದರು ಡಾಕ್ಟರು.

ಅವನ ರಕ್ತವೂ ಕಾಕಂಬಿಯಂತೆ ಗಟ್ಟಿಯಾಗಿತ್ತು. ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯುವ ಅಪಾಯವಿದೆಯೆಂದು ಡಾಕ್ಟರು ಮುಲಾಮು ನಿಲ್ಲಿಸಿ, ಒಂದಿಷ್ಟು ರಕ್ತ ತೆಗೆಸಿದರು. ಚೀಲ ತುಂಬುತ್ತಿದ್ದ ಕಪ್ಪುಗೆಂಪನ್ನು ನೋಡಲಾರದೆ ಅವನು ಮುಖ ತಿರುಗಿಸಿದ.

ಉಳಿದ ಟ್ಯೂಬುಗಳನ್ನು ಆ ಗಂಡಸರ ಕ್ಲಿನಿಕ್ಕಿನ ಮೇಜಿನ ಮೇಲೆ ಸುರಿದು, ನಡೆದದ್ದನ್ನು ಹೇಳಿದ. ತರುಣ ಒಂದಿಷ್ಟೂ ಅಳುಕಲಿಲ್ಲ. “ಮೇಡಮ್ಮಿಗೆ ಕೂದಲು ತೆಗೆಯೋ ಲೇಸರ್ ಪ್ಯಾಕೇಜ್ ಇದೆ ಸರ್. ನಮ್ಮದೇ ಇನ್ನೊಂದು ಬ್ರಾಂಚಲ್ಲಿ.”

ಹಾರ್ಲನ್ ಹೊಡೆಯಲಿಲ್ಲ, ಬಯ್ಯಲೂ ಇಲ್ಲ. ಹೊರಗೆ ಬಂದು ಟೈರುಗಳ ಸಂದಿಯಲ್ಲಿ ಬಗ್ಗಿ ಬೆಳಗಿನ ತಿಂಡಿಯನ್ನೆಲ್ಲ ಕಾರಿಕೊಂಡ.

ರಕ್ತ ತಿಳಿಯಾದ ಮೇಲೆ ಡಾಕ್ಟರು ವಾರಕ್ಕೊಮ್ಮೆ ತೊಡೆಗೆ ಅದೇ ಹಾರ್ಮೋನಿನ ಸಣ್ಣ ಪ್ರಮಾಣದ ಚುಚ್ಚುಮದ್ದು ಶುರುಮಾಡಿದರು, ಪದೇಪದೇ ರಕ್ತ ಪರೀಕ್ಷಿಸುವ ಕಟ್ಟಳೆಯೊಂದಿಗೆ. ಮೊಡವೆ ಬಾಡಿ ಕಲೆ ಉಳಿಯಿತು. ಗಂಟು ಕುಗ್ಗಿತು, ಪೂರ್ತಿ ಹೋಗಲಿಲ್ಲ. ಹಾರ್ಲನ್ ಓಡೆಲನ ಕ್ಷಮೆ ಕೇಳಿದ. ಅವನು “ಕೋಲಿನ ದುಡ್ಡು ಕೊಡು ಮೊದ್ಲು” ಎಂದು ನಕ್ಕ. ವೆಲ್ಮಾಳ ಗದ್ದದ ಕೂದಲು ಬರಬರುತ್ತ ಕಡಿಮೆಯಾಯಿತು. ದನಿ ಮಾತ್ರ ಹಿಂದಿರುಗಲಿಲ್ಲ.

ಈಗ ಅವಳು ಕೆಳದನಿಯವರ ಸಾಲಿನಲ್ಲಿ ನಿಂತು ಹಾಡುತ್ತಾಳೆ. ಅವಳು ಬಾಯಿ ತೆರೆದೊಡನೆ ಹಾರ್ಲನನಿಗೆ ಆ ತರುಣನ ಮೇಲೆ, ತನ್ನ ಮೇಲೆ, ಒಟ್ಟಿಗೇ ಅಸಹ್ಯ ಉಕ್ಕುತ್ತದೆ. ಒಮ್ಮೆ ಕಾರಿನಲ್ಲಿ ಅವಳೇ ಗದರಿದಳು: “ಹರಳೆಣ್ಣೆ ಕುಡ್ದೋನ ಥರ ಮುಖ ಮಾಡ್ಕೊಂಡು ಕೂತ್ಕೋಬೇಡ. ನೋಡೋರು ನಾನು ಅಷ್ಟು ಕೆಟ್ಟದಾಗಿ ಹಾಡ್ತೀನಿ ಅನ್ಕೋತಾರೆ.”